ಗುರುವಾರದ ಪತ್ರ: ಏಳನೇ ತಪ್ಪು

"ಗಟ್ಟಿಯಾಗಿ ಓದು," ಅಂದೆ.

ಪೆರಿಜಾತ್ ಕನ್ನಡಕ ಮೇಲೇರಿಸಿಕೊಂಡಳು. ಕೈಗೆಲ್ಲ ಹಿಟ್ಟು ಮೆತ್ತಿಕೊಂಡಿತ್ತು, ಹಾಗಾಗಿ ಕಾಗದವನ್ನು ಎರಡೇ ಬೆರಳಲ್ಲಿ ಹಿಡಿದಳು.

"'ಬುಲಾಕ್ ಬಳಸುವ ಎಲ್ಲರಿಗೂ. ಇಂದಿನಿಂದ ಮನೆ ಹಿರಿಯರ ಕೊಮುಜ್ ತೆಗೆದುಹಾಕಲಾಗಿದೆ. ಕಾರಣ ಕೇಳಬೇಡಿ. ಇಂತಿ, ಪೆರಿಜಾತ್.'" ಕಾಗದವನ್ನು ಮೇಜಿನ ಮೇಲೆ ಬಿಟ್ಟಳು. "ಇನ್ನೆಷ್ಟು ಸಲ ಓದಿಸ್ತೀರಿ ಬೈಕೆ? ನಾನು ಬರೀದೇ ಇರೋದನ್ನ ನನ್ನ ಬಾಯಲ್ಲೇ ಕೇಳೋಕೆ ಅಷ್ಟು ಇಷ್ಟಾನಾ ನಿಮಗೆ?"

ಬೈಕೆ ಅಂದರೆ ಅಣ್ಣ. ಮೂವತ್ತು ವರ್ಷದಿಂದ ಇವಳು ನನ್ನನ್ನು ಹಾಗೇ ಕರೆಯುತ್ತಿದ್ದಾಳೆ, ಮೂವತ್ತು ವರ್ಷದಿಂದಲೂ ನನಗದು ಹಿಡಿಸಿಲ್ಲ.

"ಇನ್ನೊಂದೇ ಸಲ. ಒಂದಕ್ಷರ ಬಿಡದ ಹಾಗೆ ಓದು."

ಓದಿದಳು. ಅದೇ ಜಾಗಕ್ಕೆ ಬಂದಾಗ ನಾಲಿಗೆ ಮತ್ತೆ ಪಕ್ಕಕ್ಕೆ ಸರಿಯಿತು. ಮನೆ ಹಿರಿಯರ ಕೊಮುಜ್.

ನಾನು ಕಾಗದ ಎತ್ತಿಕೊಂಡು ನೋಡಿದೆ. ಅಲ್ಲಿ 'ಮನೆ ಹಿರಿಯರು' ಅಂತ ಇರಲೇ ಇಲ್ಲ. 'ಜುಮಾಲಿಯ ಕೊಮುಜ್' ಅಂತ ನೇರವಾಗಿ ಬರೆದಿತ್ತು.

ಎಂಟು ದಿನ ಈ ಪತ್ರದ ಮುದ್ರಿತ ಪ್ರತಿ ಕೋಟಿನ ಜೇಬಲ್ಲಿಟ್ಟುಕೊಂಡು, ಇದನ್ನು ಕಳಿಸಿದವರು ಯಾರು ಅಂತ ಬಿಷ್ಕೇಕ್ ಪಟ್ಟಣವೆಲ್ಲ ಅಲೆದಿದ್ದೆ. ಇಪ್ಪತ್ತಾರು ವರ್ಷ ಪೊಲೀಸ್ ಇಲಾಖೆಯಲ್ಲಿ ಬೂಟು ಸವೆಸಿ, ಈಗ ಕಳುವಾದ ಕಾರು, ಮನೆ ಬಿಟ್ಟ ಗಂಡಂದಿರನ್ನು ಹುಡುಕಿ ಹೊಟ್ಟೆ ಹೊರೆಯುವ ಸಪಾರ್‌ಬೆಕ್ ಎಂಬ ಮಹಾ ಬುದ್ಧಿವಂತನಿಗೆ, ಕಣ್ಣ ಮುಂದಿದ್ದ ಹೆಸರು ಕಾಣಲು ಎಂಟು ದಿನ ಬೇಕಾಯಿತು.

"ಪೆರಿಜಾತ್, ನಿನ್ನ ಮಾವನ ಹೆಸರೇನು?"

"ಇದೇನು ಪ್ರಶ್ನೆ? ನಿಮಗೆ ಗೊತ್ತಿಲ್ವಾ?"

"ನೀನು ಹೇಳು."

ಅವಳ ಕಿವಿ ಕೆಂಪಾಯಿತು. ಐವತ್ತೆರಡರ ಹೆಂಗಸು, ಮಾವ ಮಣ್ಣು ಸೇರಿ ಹತ್ತು ವರ್ಷ, ಆದರೂ ಹೊಸ ಮದುವಣಗಿತ್ತಿ ಥರ ತಲೆ ತಗ್ಗಿಸಿದಳು. "ಸುಮ್ಮನಿರಿ ಬೈಕೆ. ನಾನು ಈ ಮನೆ ಸೊಸೆ."

ಅಷ್ಟೇ ಸಾಕಿತ್ತು. ನಮ್ಮಲ್ಲಿ ಸೊಸೆಯಾದವಳು ಮಾವನ ಹೆಸರು ಹೇಳುವುದಿಲ್ಲ, ಬರೆಯುವುದೂ ಇಲ್ಲ. ಈಗಿನ ಹುಡುಗಿಯರು ಬಿಟ್ಟಿರಬಹುದು, ಪೆರಿಜಾತ್ ಬಿಟ್ಟಿಲ್ಲ. ಇದು ಅವಳು ಬರೆದದ್ದಲ್ಲ ಅನ್ನಲು ಬೇರೆ ಸಾಕ್ಷಿ ಬೇಕಿರಲಿಲ್ಲ.

ಖಚಿತ ಮಾಡಿಕೊಳ್ಳೋಣ ಅಂತ ಅವಳ ಹಳೇ ಪತ್ರಗಳ ಕಟ್ಟು ಇಳಿಸಿದೆ.

ಬುಲಾಕ್ ಹುಟ್ಟಿದ್ದು ಇಪ್ಪತ್ತೈದು ವರ್ಷದ ಹಿಂದೆ, ಇದೇ ಮೂರನೇ ಮಹಡಿಯ ಮನೆಯಲ್ಲಿ. ಅವಳ ಗಂಡ ಶೈರ್‌ಬೆಕ್ ಬರೆದ ಸಂಗೀತದ ತಂತ್ರಾಂಶ. ಕೀಬೋರ್ಡಿನ ಒಂದು ಗುಂಡಿ ಒತ್ತಿದರೆ ಅಕಾರ್ಡಿಯನ್, ಇನ್ನೊಂದು ಒತ್ತಿದರೆ ಡೋಲು, ಮತ್ತೊಂದಕ್ಕೆ ಅವನಪ್ಪ ಜುಮಾಲಿ ನುಡಿಸಿದ ಮೂರು ತಂತಿಯ ಕೊಮುಜ್. ಈಗ ಅದಕ್ಕೆ ಮುಪ್ಪು ಬಂದಿದೆ. ಹೊಸ ಕಂಪ್ಯೂಟರಿಗೆ ಹಾಕಿದರೆ ಮುನಿಸಿಕೊಂಡು ಬಾಯಿ ಮುಚ್ಚುತ್ತದೆ. ಆದರೂ ಓಶ್‌ನಿಂದ ನರೀನ್‌ವರೆಗೆ ಮದುವೆಮನೆಯ ಹಾಡುಗಾರರು ಅದನ್ನು ಓಡಿಸಲೆಂದೇ ಒಂದು ಹಳೇ ಲ್ಯಾಪ್‌ಟಾಪನ್ನು ಬಟ್ಟೆಯಲ್ಲಿ ಸುತ್ತಿ ಕಾಪಾಡಿಕೊಂಡಿದ್ದಾರೆ.

ಶೈರ್‌ಬೆಕ್ ಹೋಗಿ ಎಂಟು ವರ್ಷ. ಅಂದಿನಿಂದ ಆ ಮುದಿ ತಂತ್ರಾಂಶಕ್ಕೆ ಮದ್ದು ಮಾಡುವವಳು ಪೆರಿಜಾತ್. ಗುರುವಾರ ಬಂತೆಂದರೆ ಗಂಡನ ಆತ್ಮಕ್ಕೆ ಕಂಪು ಮುಟ್ಟಲಿ ಅಂತ ಎಣ್ಣೆಯಲ್ಲಿ ಬೂರ್ಸೋಕ್ ಎಂಬ ಹಿಟ್ಟಿನ ತುಣುಕು ಕರಿಯುತ್ತಾಳೆ. ಆಮೇಲೆ ಅದೇ ಎಣ್ಣೆ ಕೈ ತೊಳೆದು, ಬಳಕೆದಾರರಿಗೆ ಪತ್ರ ಬರೆಯುತ್ತಾಳೆ. ಸರಿಯಾಗಿ ಆರು ಗಂಟೆಗೆ ಹೋಗಬೇಕು. ಶೈರ್‌ಬೆಕ್ ಕಾಲದಿಂದ ಒಂದು ಗುರುವಾರವೂ ತಪ್ಪಿಲ್ಲ.

ಪತ್ರದ ಮೊದಲ ಸಾಲು ಯಾವಾಗಲೂ ಒಂದೇ: 'ಈ ವಾರದ ತಪ್ಪುಗಳು.' ಯಾರ ತಪ್ಪು, ಯಾಕಾಯಿತು ಅಂತ ಬಿಚ್ಚಿ ಬರೆಯುತ್ತಾಳೆ. 'ಒಂದು: ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಅಕಾರ್ಡಿಯನ್ ಸಿಕ್ಕಿಕೊಳ್ಳುತ್ತದೆ. ತಪ್ಪು ನನ್ನದು, ಅವಸರ ಮಾಡಿದೆ. ಎರಡು: ಓಶ್‌ನ ಇಬ್ಬರಿಗೆ ಉತ್ತರ ಬರೆಯಲಿಲ್ಲ. ತಪ್ಪು ನನ್ನದು, ಹಲ್ಲುನೋವಿತ್ತು.' ಗಂಡ ಸತ್ತ ವಾರವೂ ಬರೆದಿದ್ದಳು. 'ಈ ವಾರ ನನ್ನ ಗಂಡ ಇಲ್ಲ. ಉಳಿದ ತಪ್ಪುಗಳು ಮುಂದಿನ ವಾರ.' ಆ ಪತ್ರ ನನಗೆ ಬಾಯಿಪಾಠ. ಇಂಥ ಒಂದು ಸಾಲು ನನಗಾಗಿ ಯಾರೂ ಬರೆಯುವುದಿಲ್ಲ ಅನ್ನುವುದೂ ಗೊತ್ತು. ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡುವವರು ಊರಲ್ಲಿ ಎಷ್ಟು ಜನ ಇದ್ದಾರೋ ಕಾಣೆ, ನಾನಂತೂ ಇದ್ದೇನೆ.

ಪುಟ ತಿರುಗಿಸಿದೆ. ಎಂಟು ವರ್ಷದಲ್ಲಿ ಮಾವನ ಹೆಸರು ಒಂದು ಸಲವೂ ಇಲ್ಲ. ಎಲ್ಲ ಕಡೆ 'ಮನೆ ಹಿರಿಯರು'. ಆದರೆ ಪ್ರತಿ ಪತ್ರದ ಕೊನೆಯಲ್ಲಿ ಇನ್ನೂ ಸರಿಯಾಗದ ತಪ್ಪುಗಳ ಪಟ್ಟಿ ಇತ್ತು. ಅದರಲ್ಲಿ ಏಳನೆಯದು ಎಂಟು ವರ್ಷದಿಂದ ಅಲ್ಲಾಡಿರಲಿಲ್ಲ.

'ಏಳು: ಕೊಮುಜ್‌ನ ಕೆಳಸ್ವರದ ಕೊನೆಗೆ ಕಿಣಿ ಅನ್ನುವ ಶಬ್ದ. ತೆಗೆಯಬೇಡ ಅಂತ ನನ್ನ ಗಂಡ ಬರೆದಿಟ್ಟಿದ್ದಾರೆ. ಕಾರಣ ನನಗೂ ಗೊತ್ತಿಲ್ಲ. ಗೊತ್ತಾದ ದಿನ ನಿಮಗೂ ಹೇಳುತ್ತೇನೆ.'

"ಇದು ಯಾಕೆ ಹೀಗೇ ಇದೆ?" ಅಂತ ಕೇಳಿದೆ.

"ಅದಾ?" ಪೆರಿಜಾತ್ ಹಿಟ್ಟಿನ ಉಂಡೆ ತಟ್ಟುತ್ತ ನಕ್ಕಳು. "ವರ್ಷಕ್ಕೆ ನಾಲ್ಕು ಜನ ಬೈತಾರೆ ಅದಕ್ಕೆ. ಶೈರ್‌ಬೆಕ್‌ನ ಕೇಳ್ದಾಗೆಲ್ಲ 'ಒಂದು ಗುರುವಾರ ಹೇಳ್ತೀನಿ' ಅಂತಿದ್ದ. ಹೋಗಿದ್ದು ಮಂಗಳವಾರ."

ನಾನು ಬಟ್ಟಲಿನ ಚಹಾದ ತಳ ನೋಡಿದೆ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

"ಆ ಬುಧವಾರ ಮನೆಗೆ ಯಾರ್ಯಾರು ಬಂದಿದ್ರು? ಇನ್ನೊಂದ್ಸಲ ಹೇಳು."

"ಎರ್ಮೆಕ್ ಬಂದಿದ್ದ, ಹೂವಿನ ಗುಚ್ಛ ಹಿಡ್ಕೊಂಡು. ಬುಲಾಕ್ ಮಾರಿಬಿಡಿ ಎಜೆ, ನನ್ನ ಹೊಸದರ ಜೊತೆ ಸೇರಿಸ್ತೀನಿ ಅಂತ. ಹನ್ನೊಂದಕ್ಕೆ ಹೋದ."

ಎರ್ಮೆಕ್‌ಗೆ ಮೂವತ್ತೈದು ವಯಸ್ಸು, ಇವಳನ್ನು ಎಜೆ, ಅಂದರೆ ಅಕ್ಕ, ಅನ್ನುತ್ತಾನೆ. ಆದರೂ ಆ ಹೂಗುಚ್ಛ ಕಂಡ ತಕ್ಷಣ ಕಳ್ಳ ಇವನೇ ಅಂತ ನಾನು ತೀರ್ಮಾನ ಮಾಡಿ ಮೂರು ದಿನ ಅವನ ಬೆನ್ನು ಹತ್ತಿದ್ದೆ. ಕಾಗದ ಹೊರಬಿದ್ದದ್ದು ಹನ್ನೊಂದು ನಲವತ್ತಕ್ಕೆ. ಆಗ ಅವನು ಒಂದು ಮದುವೆ ಸಭಾಂಗಣದಲ್ಲಿ ನಲವತ್ತು ಜನರೆದುರು ತನ್ನ ಹೊಸ ತಂತ್ರಾಂಶ ನುಡಿಸಿ ತೋರಿಸುತ್ತಿದ್ದ. ನನಗೆ ಭಾರಿ ನಿರಾಸೆಯಾಗಿತ್ತು.

"ಆಮೇಲೆ ನೀವು. ಬಚ್ಚಲಮನೆ ನಲ್ಲಿ ರಿಪೇರಿ ಮಾಡ್ತಾ ಇದ್ರಿ, ಒಂದು ಗಂಟೆ ಬೇಕಾಯ್ತು ನಿಮಗೆ."

"ಹಳೇ ನಲ್ಲಿ."

"ಅನಾರ್ಕಾನ್ ಬಂದಿದ್ಲು, ಗೋಡೆ ಮೇಲಿನ ಅವರಪ್ಪನ ಕಾಲದ ಜಮಖಾನ ಒಗೆಸೋಕೆ ಒಯ್ದಳು. ನಾನು ಹಿಟ್ಟು ತರೋಕೆ ಕೆಳಗೆ ಹೋಗಿದ್ದೆ ಆಗ." ಅಷ್ಟು ಹೇಳಿ ತಟ್ಟುವುದು ನಿಲ್ಲಿಸಿದಳು. ನನ್ನ ಮುಖದಲ್ಲಿ ಏನು ಕಂಡಳೋ. "ಬೈಕೆ, ಬೇಡ. ಅವಳು ಈ ಮನೆ ಮಗಳು. ನನ್ನ ನಾದಿನಿ."

"ಮಗಳು ಅಪ್ಪನ ಹೆಸರು ಹೇಳಬಹುದು, ಅಲ್ವಾ?"

ಪೆರಿಜಾತ್ ಹಿಟ್ಟಿನ ಉಂಡೆಯ ಮೇಲೆ ಬಟ್ಟೆ ಮುಚ್ಚಿದಳು. ಕಿಟಕಿ ಹತ್ತಿರ ಶೈರ್‌ಬೆಕ್‌ನ ಕಂಪ್ಯೂಟರ್ ಗುಂಯ್‌ಗುಡುತ್ತಿತ್ತು. ಬುಲಾಕ್‌ನ ಧ್ವನಿಗಳೂ ಗುರುವಾರದ ಪತ್ರಗಳೂ ಎಲ್ಲರಿಗೂ ಹೋಗುವುದು ಅದರಿಂದಲೇ. ಅದನ್ನು ಆರಿಸಿದರೆ ಮತ್ತೆ ಏಳುತ್ತದೋ ಇಲ್ಲವೋ ಅಂತ ಅವಳು ಎಂಟು ವರ್ಷದಿಂದ ಆರಿಸಿಯೇ ಇಲ್ಲ. ಬೀಗವಿಲ್ಲದ ಬಾಗಿಲು ಅದು, ಹಿಟ್ಟು ತರಲು ಹೋದಷ್ಟು ಹೊತ್ತು ಸಾಕು.

"ಕೊಮುಜ್ ಧ್ವನೀನ ಅದೇ ಸಂಜೆ ವಾಪಸ್ ಹಾಕ್ದೆ," ಅಂದಳು ಕೊನೆಗೆ. "ಆದ್ರೆ ಅಷ್ಟರಲ್ಲಿ ನರೀನ್‌ನಲ್ಲಿ ಒಬ್ಬ ತಾಯಿ ಮಗಳನ್ನ ಕಳಿಸಿಕೊಡೋ ಹಾಡು ಹಾಡೋಕೆ ನಿಂತಿದ್ದಾಳೆ, ಹಿಂದೆ ಕೊಮುಜ್ ಇಲ್ಲ. ಬರೀ ಗಂಟಲಲ್ಲಿ ಹಾಡಿದ್ಲಂತೆ. ಬಾರಿಸೋ ಹುಡುಗನಿಗೆ ಎಲ್ಲರ ಎದುರಿಗೆ ಬೈಗುಳ. ಅವನು ನನಗೆ ಬರೆದಿದ್ದಾನೆ, 'ಎಜೆ, ನೀವೂ ಕಾರಣ ಕೇಳಬೇಡಿ ಅನ್ನೋರ ಸಾಲಿಗೆ ಸೇರಿದ್ರಾ' ಅಂತ. ನಾನಲ್ಲ ಅಂದ್ರೆ ಯಾರೂ ನಂಬ್ತಿಲ್ಲ. ಹೋದ ವಾರ ಮಾತು ಕೊಟ್ಟಿದ್ದೀನಿ, ಇವತ್ತು ಆರು ಗಂಟೆಗೆ ಯಾರು ಅಂತ ಹೇಳ್ತೀನಿ ಅಂತ. ಶನಿವಾರ ಎಲ್ಲರೂ ಸೇರ್ತಾರೆ. ಬುಲಾಕ್ ಬಿಡೋದಾ ಇಟ್ಕೊಳ್ಳೋದಾ ಅಂತ ಕೈ ಎತ್ತುತ್ತಾರೆ. ನನಗೆ ಉಳಿದಿರೋದು ಅದೊಂದೇ ಬೈಕೆ. ಶೈರ್‌ಬೆಕ್‌ನದು ಅಂತ ನನ್ನ ಕೈಲಿರೋದು ಅದೊಂದೇ."

ಕೊನೆಯ ಮಾತು ಬೇಕಾಗಿರಲಿಲ್ಲ. ನಾನು ಎದ್ದೆ. ಗಂಟೆ ಒಂದಾಗಿತ್ತು.

*

ಅನಾರ್ಕಾನ್ ಕೆಲಸ ಮಾಡುವುದು ಕಾರಾ-ಬಾಲ್ತಾದ ಮಕ್ಕಳ ಸಂಗೀತ ಶಾಲೆಯಲ್ಲಿ. ಒಂದೂವರೆ ತಾಸಿನ ದಾರಿ. ಸೆಪ್ಟೆಂಬರಿನ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ತಂಪು ಕನ್ನಡಕಕ್ಕೆಂದು ಕಾರಿನ ಮುಂದಿನ ಗೂಡು ತೆರೆದೆ. ವಿಮೆ ಕಾಗದಗಳ ಅಡಿಯಿಂದ ಒಂದು ಹಳೇ ಲಕೋಟೆಯ ಮೂಲೆ ಇಣುಕಿತು. ಗೂಡು ಮುಚ್ಚಿ, ಕನ್ನಡಕವಿಲ್ಲದೆಯೇ ಓಡಿಸಿದೆ.

ಪಾಠ ಮುಗಿದಿತ್ತು. ಕೋಣೆಯಲ್ಲಿ ಹನ್ನೆರಡು ಪುಟ್ಟ ಕುರ್ಚಿ, ಗೋಡೆಯಲ್ಲಿ ಸಾಲಾಗಿ ಕೊಮುಜ್‌ಗಳು, ಒಂದು ಕುರ್ಚಿಯಲ್ಲಿ ಅನಾರ್ಕಾನ್. ನಲವತ್ತೆರಡು ದಾಟಿದೆ. ಅವಳಪ್ಪನದೇ ಮೂಗು, ಅವಳಪ್ಪನದೇ ಬಿಗುಮಾನ.

"ಬನ್ನಿ ಸಪಾರ್ ಬೈಕೆ. ಅತ್ತಿಗೆ ಕಳಿಸಿದ್ಲಾ, ತಾವೇ ಓಡಿ ಬಂದ್ರಾ? ಅವಳ ನಲ್ಲಿ ಸೋರಿದ್ರೂ ನೀವು, ಹೆಸರು ಕೆಟ್ರೂ ನೀವು."

"ಚಹಾ ಕೊಡಲ್ವಾ?"

"ಕೆಲಸ ಹೇಳಿ. ಆಮೇಲೆ ನೋಡೋಣ."

ಕಾಗದ ತೆಗೆದು ಅವಳ ಕೈಗಿಟ್ಟೆ. "ಇದನ್ನ ಗಟ್ಟಿಯಾಗಿ ಓದು."

ಒಂದೇ ಉಸಿರಿಗೆ ಓದಿದಳು. 'ಜುಮಾಲಿಯ ಕೊಮುಜ್' ಅನ್ನುವಾಗ ಧ್ವನಿ ಒಂಚೂರು ಗಟ್ಟಿಯೇ ಆಯಿತು.

"ನಿನ್ನ ಅತ್ತಿಗೆ ಕೈಲೂ ಓದಿಸ್ದೆ," ಅಂದೆ. "ಮೂರು ಸಲ ಓದಿಸ್ದೆ. ಮೂರು ಸಲವೂ ಆ ಹೆಸರು ಅವಳ ಬಾಯಿಂದ ಬರಲಿಲ್ಲ. ಬರೆಯೋಕೂ ಬರಲ್ಲ ಅವಳಿಗೆ. ಸೊಸೆ ಹೆಸರಲ್ಲಿ ಕಾಗದ ಬರೆಯೋವಾಗ ಮಗಳು ಅನ್ನೋದನ್ನ ಮರೀಬೇಕಿತ್ತು ನೀನು."

ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೇ ವಾಪಸ್ ಇಟ್ಟಳು. ನಾನು ಅಳು ಬರುತ್ತದೆ ಅಂದುಕೊಂಡಿದ್ದೆ, ಇಲ್ಲವೆಂದರೆ ಜಗಳ. ಎರಡೂ ಬರಲಿಲ್ಲ.

"ಹೌದು. ನಾನೇ."

"ಯಾಕೆ?"

"ನನ್ನ ವಸ್ತು. ನಾನು ತೆಗೆದೆ."

"ನಿನ್ನಪ್ಪನ ವಸ್ತು ಅದು. ಅಪ್ಪನೇ ಒಪ್ಪಿ ಕೊಟ್ಟಿದ್ದು. ಅದು ಅತ್ತಿಗೆ ಕೈ ಸೇರಿತು, ನನಗೆ ಸಿಗಲಿಲ್ಲ ಅಂತ ಇಷ್ಟು ವರ್ಷ ಆದ ಮೇಲೂ ಹೊಟ್ಟೆಕಿಚ್ಚಾ?"

ಆಗ ಅವಳು ನಕ್ಕಳು. ಚೆನ್ನಾದ ನಗುವಲ್ಲ ಅದು.

"ಹೊಟ್ಟೆಕಿಚ್ಚಿನ ಮಾತು ನೀವು ಆಡ್ತೀರಾ? ನಮ್ಮಣ್ಣ ಮನೇಲಿದ್ದಾಗ ಅವನ ಕುರ್ಚೀನ ನೀವು ನೋಡ್ತಿದ್ದ ನೋಟ ನಾನು ಕಂಡಿಲ್ವಾ? ಚಿಕ್ಕೋಳು ಅಂತ ಯಾರೂ ನನ್ನ ಲೆಕ್ಕಕ್ಕೆ ಇಟ್ಟಿರಲಿಲ್ಲ, ಅದಕ್ಕೇ ಎಲ್ಲಾ ನೋಡ್ತಿದ್ದೆ. ಹೌದು, ನನಗೆ ಹೊಟ್ಟೆಕಿಚ್ಚಿದೆ. ಅತ್ತಿಗೆ ಮೇಲಲ್ಲ. ನಮ್ಮಪ್ಪನ ಮೇಲೆ."

ಎದ್ದು ಗೋಡೆಯಿಂದ ಒಂದು ಕೊಮುಜ್ ಇಳಿಸಿದಳು. ಹಳೆಯದು, ಏಪ್ರಿಕಾಟ್ ಮರದ್ದು, ಕೈ ತಾಗುವಲ್ಲಿ ಬಣ್ಣ ಹೋಗಿತ್ತು. ತೊಡೆಯ ಮೇಲಿಟ್ಟುಕೊಂಡು ತಂತಿ ಬಿಗಿದಳು.

"ಹೋದ ತಿಂಗಳು ಒಂದು ಹುಡುಗಿ ಏನಂದ್ಲು ಗೊತ್ತಾ? 'ಟೀಚರ್, ಬುಲಾಕ್‌ನಲ್ಲಿ ಜುಮಾಲಿ ತಾತ ನುಡಿಸೋ ಹಾಗೆ ನುಡಿಸಿ. ನಿಮ್ಮ ಕೈಯಲ್ಲಿ ಆ ಸೊಗಸು ಬರ್ತಿಲ್ಲ' ಅಂತ. ನನಗೆ ಹೇಳಿದ್ಲು ಬೈಕೆ. ನನಗೆ."

"ಮಕ್ಕಳು ಏನೋ ಅಂತಾರೆ."

"ಕೇಳಿ."

ನುಡಿಸಿದಳು. ಮದುವೆಗಳಲ್ಲಿ ಹೆಣ್ಣು ಕಳಿಸಿಕೊಡುವಾಗ ಬರುವ ಆ ಚಿಕ್ಕ ಸ್ವರಗುಚ್ಛ, ಬುಲಾಕ್ ಇರುವ ಕಡೆಯೆಲ್ಲ ಜನ ಕೇಳಿರುವಂಥದ್ದು. ಮೇಲಿನಿಂದ ಇಳಿದು ಇಳಿದು ಕೆಳಸ್ವರಕ್ಕೆ ಬಂತು. ಅಂಗೈ ಬೀಸಿ ಕೊನೆಯ ಹೊಡೆತ ಕೊಟ್ಟಳು.

ಕಿಣಿ.

ನನ್ನ ಬೆನ್ನು ನೇರವಾಯಿತು.

"ಇನ್ನೊಂದ್ಸಲ," ಅಂದೆ.

ಮತ್ತೆ ನುಡಿಸಿದಳು. ಕೆಳಸ್ವರ, ಬೀಸು, ಕಿಣಿ. ಅವಳ ಬಲಗೈಯಲ್ಲಿ ಒಂದು ಅಗಲದ ಬೆಳ್ಳಿ ಬಳೆ ಇತ್ತು. ಕೈ ಬೀಸಿದಾಗಲೆಲ್ಲ ಅದು ಮರಕ್ಕೆ ತಾಗುತ್ತಿತ್ತು. ಎಂಟು ವರ್ಷದಿಂದ ಪೆರಿಜಾತ್ ಪಟ್ಟಿಯಲ್ಲಿ ಕೂತಿದ್ದ ಏಳನೇ ತಪ್ಪು ಅದು. ಜುಮಾಲಿಗೆ ಎದೆಯುದ್ದ ಗಡ್ಡವಿತ್ತು, ಬಳೆ ಇರಲಿಲ್ಲ.

"ಅಮ್ಮ ಹಾಕಿದ್ದು, ಹದಿನೇಳು ತುಂಬಿದಾಗ," ಅಂದಳು ಅನಾರ್ಕಾನ್. "ಈಗ ಕೈ ದಪ್ಪ ಆಗಿ ಹೊರಗೆ ಬರಲ್ಲ. ಅದೇ ವರ್ಷ ನಮ್ಮಣ್ಣ ಕೊಮುಜ್ ಧ್ವನಿ ಮುದ್ರಿಸ್ಕೊಂಡ. ಆ ಚಳಿಗಾಲ ಅಪ್ಪ ಮದುವೆಗಳಿಗೆ ಹೋಗೋದು ಬಿಟ್ಟರು, ನೆನಪಿದೆಯಾ?"

"ಮುದುಕನ ಹಠ ಅಂದ್ಕೊಂಡಿದ್ವಿ."

"ಬಲಗೈಗೆ ಲಕ್ವ ಹೊಡೆದಿತ್ತು. ಚಮಚ ಹಿಡಿಯೋಕೂ ಆಗ್ತಿರಲಿಲ್ಲ. ಜುಮಾಲಿ ಕೈ ಸತ್ತಿದೆ ಅಂತ ಯಾರಿಗೂ ಗೊತ್ತಾಗಬಾರ್ದು ಅಂದ್ರು. ಅತ್ತಿಗೆಗೂ. ಅವಳು ಆಗ ತಾಯಿಗೆ ಹುಷಾರಿಲ್ಲ ಅಂತ ತವರಲ್ಲಿದ್ಲು. ಅಣ್ಣ, ಅಪ್ಪ, ನಾನು, ಮೂರೇ ಜನ. ನಾನು ನುಡಿಸ್ದೆ. ಪ್ರತಿ ಸ್ವರ, ಪ್ರತಿ ಹೊಡೆತ, ಮೂರು ದಿನ. ಹೆಸರು ಅಪ್ಪನದು ಬಿತ್ತು."

"ನೀನು ಒಪ್ಪಿದ್ದೆ."

"ಒಪ್ಪಿದ್ದೆ. ಅಪ್ಪ ಇರೋ ತನಕ. ಹೋದ ಮೇಲೆ ಹೇಳ್ತೀನಿ ಅಂತ ಅಣ್ಣ ಮಾತು ಕೊಟ್ಟಿದ್ದ. ಆ ಕಿಣೀನ ಅದಕ್ಕೇ ಉಳಿಸಿದ್ದು. 'ಇದು ನಿನ್ನ ಸಹಿ, ಇದನ್ನ ಯಾರೂ ಒರೆಸಬಾರ್ದು' ಅಂದಿದ್ದ." ಕೊಮುಜ್ ಪಕ್ಕಕ್ಕಿಟ್ಟಳು. "ಅಪ್ಪ ಹೋದ್ರು. ಅಣ್ಣನಿಗೆ ನಾಚಿಕೆ, ಇವತ್ತು ನಾಳೆ ಅಂತ ಎರಡು ವರ್ಷ ತಳ್ಳಿದ. ಆಮೇಲೆ ಆಸ್ಪತ್ರೆ ಸೇರಿದ. ಅಲ್ಲಿ ನನ್ನ ಎದುರಿಗೇ ಕೂತು ಬರೆದ, ಹಸಿರು ಶಾಯೀಲಿ. ಪೆರಿಜಾತ್‌ಗೆ ಕಾಗದ. ಎಲ್ಲಾ ಬರೆದ, ಗುರುವಾರದ ಪತ್ರದಲ್ಲಿ ಇದನ್ನ ಹಾಕು ಅಂತಾನೂ ಬರೆದ. ಲಕೋಟೆಗೆ ಹಾಕಿ ಅಂಟಿಸ್ದ."

ಮುಂದಿನ ಪ್ರಶ್ನೆ ಕೇಳಬಾರದಿತ್ತು. ಪೊಲೀಸ್ ಬುದ್ಧಿ, ಬಾಯಿ ತಾನಾಗಿ ಕೇಳಿತು.

"ನಿನ್ನ ಕೈಗೇ ಯಾಕೆ ಕೊಡಲಿಲ್ಲ?"

"ನಾನೇ ಬೇಡ ಅಂದೆ. ನಾನು ಕೊಟ್ರೆ ಭಿಕ್ಷೆ ಬೇಡಿದ ಹಾಗಿರುತ್ತೆ. 'ನಂಬಿಕಸ್ಥ ಒಬ್ಬನಿದ್ದಾನೆ, ಅವನ ಕೈಲಿ ಕೊಟ್ಟರೆ ಗುರುವಾರಕ್ಕೆ ಸರಿಯಾಗಿ ತಲುಪಿಸ್ತಾನೆ' ಅಂದ. ಯಾರು ಅಂತ ಹೇಳಲಿಲ್ಲ. ಅಂಥವನು ಯಾರಿದ್ದಾನೋ ಅಂತ ನಾನೂ ಕೇಳಲಿಲ್ಲ."

ಅಂಗಳದಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು. ನಾನು ಬೂಟಿನ ದಾರ ನೋಡುತ್ತ ಕೂತೆ.

"ಎಂಟು ವರ್ಷ ಬೈಕೆ. ಪ್ರತಿ ಗುರುವಾರ ಆರು ಗಂಟೆಗೆ ಫೋನ್ ಹಿಡ್ಕೊಂಡು ಕೂರ್ತಿದ್ದೆ. ಇವತ್ತು ಬರೀತಾಳೆ, ಇವತ್ತು ಬರೀತಾಳೆ ಅಂತ. ಹಲ್ಲುನೋವು ಬರೆದ್ಲು. ಅಕಾರ್ಡಿಯನ್ ಬರೆದ್ಲು. ಊರಿಗೆಲ್ಲ ಪ್ರಾಮಾಣಿಕಳು. 'ಏಳು: ಕಾರಣ ನನಗೂ ಗೊತ್ತಿಲ್ಲ.' ಆ ಸಾಲು ನೋಡ್ದಾಗೆಲ್ಲ ನನಗೆ ಮೈ ಉರೀತಿತ್ತು. ಗಂಡ ಸಾಯೋವಾಗ ಬರೆದದ್ದನ್ನ ಓದಿ ನುಂಗಿಕೊಂಡು, ಗೊತ್ತಿಲ್ಲ ಅಂತ ಬರೀತಾಳಲ್ಲ ಅಂತ."

"ಅವಳಿಗೆ ತಲುಪಿಲ್ಲದೇ ಇರಬಹುದು," ಅಂದೆ.

"ನಮ್ಮಣ್ಣ ನಂಬಿಕಸ್ಥ ಅಂದ್ರೆ ನಂಬಿಕಸ್ಥನೇ. ಅವನು ಜನಾನ ತಪ್ಪು ತಿಳಿಯೋನಲ್ಲ."

ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಎಷ್ಟೋ ಜನರ ಬಾಯಿ ಬಿಡಿಸಿದ್ದೇನೆ. ಅವರೆಲ್ಲ ತಪ್ಪೊಪ್ಪಿಕೊಳ್ಳುವ ಮೊದಲು ಒಂದು ಗಳಿಗೆ ತುಟಿ ಒದ್ದೆ ಮಾಡಿಕೊಳ್ಳುತ್ತಿದ್ದರು. ನಾನೂ ಮಾಡಿಕೊಂಡೆ. ಆಮೇಲೆ ಟೋಪಿ ತೆಗೆದುಕೊಂಡು ಎದ್ದೆ.

"ಶನಿವಾರ ನಾನೂ ಬರ್ತೀನಿ ಸಭೆಗೆ," ಅಂದಳು ಬಾಗಿಲವರೆಗೆ ಬಂದು. "ಕೊಮುಜ್ ತಗೊಂಡು. ಎಲ್ಲರ ಮುಂದೆ ಕೆಳಸ್ವರ ನುಡಿಸ್ತೀನಿ. ನಿಮ್ಮ ಪೆರಿಜಾತ್ ಎಂಟು ವರ್ಷ ಸುಳ್ಳು ಬರೆದವಳು ಅಂತ ಅವರಿಗೇ ಕೇಳುತ್ತೆ. ಹೋಗಿ ಹೇಳಿ ಅವಳಿಗೆ. ಚಹಾ ಇನ್ನೊಂದು ದಿನ ಕುಡಿಯೋಣ."

*

ಲಕೋಟೆ ನನ್ನದೇ ಕಾರಿನಲ್ಲಿತ್ತು. ಎಂಟು ವರ್ಷದಿಂದ ಇತ್ತು.

ಶೈರ್‌ಬೆಕ್ ಅದನ್ನು ನನ್ನ ಕೈಗಿಟ್ಟದ್ದು ಒಂದು ಭಾನುವಾರ. 'ಗುರುವಾರ ಪೆರಿಜಾತ್‌ಗೆ ಕೊಡು ಸಪಾರ್, ಮರೀಬೇಡ' ಅಂದ. ಮಂಗಳವಾರ ಹೋದ. ಗುರುವಾರ ಅವಳ ಬಾಗಿಲ ತನಕ ಹೋದೆ. ಒಳಗೆ ಅವಳು ಅಳುತ್ತಿದ್ದಳು. ಈ ಲಕೋಟೆಯಲ್ಲಿ ಅವನ ಕೊನೆಯ ಪ್ರೀತಿಯ ಮಾತುಗಳಿವೆ, ಓದಿದರೆ ಇವಳು ಜನ್ಮವಿಡೀ ಅವನನ್ನೇ ಓದುತ್ತ ಕೂರುತ್ತಾಳೆ ಅನ್ನಿಸಿತು. ಬದುಕಿದ್ದಾಗ ಎಲ್ಲ ಅವನದೇ ಆಗಿತ್ತು, ಸತ್ತ ಮೇಲೂ ಕೊನೆಯ ಮಾತು ಅವನದೇ ಯಾಕಾಗಬೇಕು ಅಂತ ಹೊಟ್ಟೆ ಉರಿಯಿತು. ವಾಪಸ್ ಬಂದೆ. ಆಮೇಲೆ ನಾಲ್ಕು ಸಲ ಹೋಗಿ ನಾಲ್ಕು ಸಲ ವಾಪಸ್ ಬಂದಿದ್ದೇನೆ. ಒಡೆಯುವ ಧೈರ್ಯ ಬರಲಿಲ್ಲ, ಎಸೆಯುವ ಧೈರ್ಯವೂ ಇಲ್ಲ.

ಅದರಲ್ಲಿ ಇದ್ದದ್ದು ಪ್ರೀತಿಯ ಮಾತಲ್ಲ, ತಂಗಿಯ ಹೆಸರು.

ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಬಂದೆ. ಅನಾರ್ಕಾನ್ ಹೆಸರು ಹೇಳಿದರೆ ಸಾಕು, ಅದು ಸುಳ್ಳಲ್ಲ. ಲಕೋಟೆಯನ್ನು ಕಾಲುವೆಗೆ ಬಿಟ್ಟರೆ ಯಾರಿಗೂ ತಿಳಿಯದು. ಶನಿವಾರ ನಾದಿನಿ ಸಭೆಯಲ್ಲಿ ಕೂಗಾಡುತ್ತಾಳೆ, ಅತ್ತಿಗೆ ಇಲ್ಲ ಅನ್ನುತ್ತಾಳೆ, ಇಬ್ಬರು ಹೆಂಗಸರ ಜಗಳ ಅಂತ ಜನ ಮನೆಗೆ ಹೋಗುತ್ತಾರೆ. ಬುಲಾಕ್ ಉಳಿಯುವುದಿಲ್ಲ. ಪೆರಿಜಾತ್‌ಗೆ ಉಳಿದಿದ್ದ ಶೈರ್‌ಬೆಕ್ ಕೂಡ ಉಳಿಯುವುದಿಲ್ಲ. ಆ ಯೋಚನೆ ಬಂದಾಗ ಎದೆಯ ಒಂದು ಮೂಲೆಗೆ ಹಾಯೆನಿಸಿತು. ಸುಳ್ಳು ಹೇಳಿ ಏನು ಪ್ರಯೋಜನ, ಹಾಯೆನಿಸಿದ್ದು ನಿಜ.

ಮಧ್ಯದಲ್ಲಿ ಕಾಲುವೆ ಸೇತುವೆ ಬಂತು. ಕಾರು ನಿಲ್ಲಿಸಿದೆ. ಮತ್ತೆ ಓಡಿಸಿದೆ. ಲಕೋಟೆ ಕೋಟಿನ ಒಳಜೇಬಿಗೆ ಬಂದಿತ್ತು, ಅಷ್ಟೇ.

ಮೂರನೇ ಮಹಡಿ ಹತ್ತುವಾಗ ಆರಕ್ಕೆ ಹನ್ನೊಂದು ನಿಮಿಷ. ಮೆಟ್ಟಿಲ ತನಕ ಬೂರ್ಸೋಕ್‌ನ ವಾಸನೆ ಹರಡಿತ್ತು. ಬಾಗಿಲು ತೆರೆದೇ ಇತ್ತು. ಪೆರಿಜಾತ್ ಗಂಡನ ಕಂಪ್ಯೂಟರಿನ ಮುಂದೆ ಕೂತಿದ್ದಳು. ತೊಳೆದ ಕೈ ಇನ್ನೂ ಒದ್ದೆ. ಪರದೆಯ ಮೇಲೆ ಒಂದೇ ಸಾಲಿತ್ತು.

'ಈ ವಾರದ ತಪ್ಪುಗಳು. ಒಂದು:'

"ಹೇಳಿ ಬೈಕೆ. ಯಾರು?"

"ಅನಾರ್ಕಾನ್," ಅಂದೆ.

ಅವಳು ಕಣ್ಣು ಮುಚ್ಚಿ ತೆರೆದಳು. ಒಂದೊಂದೇ ಅಕ್ಷರ ಒತ್ತಿ ಹೆಸರು ಬರೆದಳು. ನಾದಿನಿಯ ಹೆಸರು ಬರೆಯಲು ಅಡ್ಡಿಯಿಲ್ಲ.

"ಯಾಕಂತೆ?"

"ಏನೋ ಹಳೇ ಸಿಟ್ಟು. ಹೆಸರು ಗೊತ್ತಾಯ್ತಲ್ಲ, ಕಳಿಸಿಬಿಡು. ಹೊತ್ತಾಗ್ತಿದೆ."

"ಯಾಕೆ ಅಂತ ಬರೀದೆ ನಾನು ಯಾವತ್ತೂ ಕಳಿಸಿಲ್ಲ." ಕುರ್ಚಿ ತಿರುಗಿಸಿ ನನ್ನ ಕಡೆ ನೋಡಿದಳು. "ಕಾರಣ ಇಲ್ಲದೆ ಒಬ್ಬಳ ಹೆಸರು ಹಾಕಿದ್ರೆ, ನನಗೂ ಆ ಕಾಗದಕ್ಕೂ ಏನು ವ್ಯತ್ಯಾಸ ಬೈಕೆ? ಏನಂತ ಬರೀಲಿ ಜನಕ್ಕೆ, ಕಾರಣ ಕೇಳಬೇಡಿ ಅಂತಾನಾ?"

ಗೋಡೆಯಲ್ಲಿ ಜಮಖಾನ ಇದ್ದ ಜಾಗ ಬಿಳಿಯಾಗಿ ಉಳಿದಿತ್ತು. ಅದರ ಪಕ್ಕದಲ್ಲಿ ಶೈರ್‌ಬೆಕ್ ಫೋಟೋದಲ್ಲಿ ನಗುತ್ತಿದ್ದ. ಜನಾನ ತಪ್ಪು ತಿಳಿಯೋನಲ್ಲ.

ಕೈ ಒಳಜೇಬಿಗೆ ಹೋಯಿತು. ನಾನು ಕಳಿಸಿದ್ದಲ್ಲ, ತಾನಾಗಿ ಹೋಯಿತು ಅಂತ ಹೇಳಿಕೊಳ್ಳಬಹುದಿತ್ತು, ಆದರೆ ಕಳಿಸಿದ್ದು ನಾನೇ. ಲಕೋಟೆಯನ್ನು ಬೂರ್ಸೋಕ್ ತಟ್ಟೆಯ ಪಕ್ಕದಲ್ಲಿಟ್ಟೆ. ಅಂಚು ಸವೆದು, ಮಡಿಕೆ ಬಿದ್ದು, ಎಂಟು ವರ್ಷ ಕಾರಿನ ಧೂಳು ಕುಡಿದಿತ್ತು. ಹಸಿರು ಶಾಯಿ ಮಾತ್ರ ಮಾಸಿರಲಿಲ್ಲ. 'ಪೆರಿಜಾತ್‌ಗೆ. ಗುರುವಾರ.'

ಅವಳು ಅಕ್ಷರ ಗುರುತಿಸಿದಳು. ಮುಟ್ಟಲಿಲ್ಲ. ಬಹಳ ಹೊತ್ತು ನೋಡಿದಳು, ಆಮೇಲೆ ಒಂದು ಬೆರಳಿಂದ ಮಗುಚಿ ಅಂಟು ಪರೀಕ್ಷಿಸಿದಳು. ಒಡೆದಿರಲಿಲ್ಲ.

"ಕಾರಣ ಅದರೊಳಗಿದೆ," ಅಂದೆ. "ಏಳನೇ ತಪ್ಪಿನ ಕಾರಣವೂ."

ಅವಳು ಒಡೆಯಲಿಲ್ಲ. ಕುರ್ಚಿ ಪರದೆಯ ಕಡೆ ತಿರುಗಿತು. ಅನಾರ್ಕಾನ್ ಹೆಸರನ್ನು ಹಿಂದಿನಿಂದ ಒಂದೊಂದೇ ಅಕ್ಷರವಾಗಿ ಅಳಿಸಿದಳು. 'ಒಂದು:' ಮತ್ತೆ ಖಾಲಿಯಾಯಿತು. ಗಡಿಯಾರದಲ್ಲಿ ಆರಕ್ಕೆ ನಾಲ್ಕು ನಿಮಿಷ.

"ಸಪಾರ್‌ಬೆಕ್," ಅಂದಳು.

ಮೂವತ್ತು ವರ್ಷ ಆ ಬಾಯಿಂದ ನನ್ನ ಹೆಸರು ಬರಲಿ ಅಂತ ಕಾದಿದ್ದೆ. ಬೈಕೆ ಇಲ್ಲದೆ, ಅಣ್ಣ ಅನ್ನದೆ, ಬರೀ ಹೆಸರು. ಅವಳು ಅದನ್ನು ಹೇಳುತ್ತಲೇ ಬರೆಯುತ್ತಲೂ ಇದ್ದಳು. ಪರದೆಯ ಮೇಲೆ ಹಸಿರು ಅಕ್ಷರಗಳಲ್ಲಿ ನನ್ನ ಹೆಸರು ಪೂರ್ತಿಯಾಗಿ ಮೂಡಿತು.

ಲಕೋಟೆಯ ಮೇಲೆ ಎಡಗೈ ಇಟ್ಟುಕೊಂಡು, ಬಲಗೈ ಕೀಲಿಗಳ ಮೇಲೆ ಹಾಗೇ ಹಿಡಿದು, ನನ್ನ ಕಡೆ ತಿರುಗದೆ ಕೇಳಿದಳು.

"ಎಷ್ಟು ಗುರುವಾರ ಅಂತ ಬರೀಲಿ?"